ಇಲಿ ಜ್ವರದ ಲೆಕ್ಕ ಹಿಡಿಯಲು ಮಸಿ ಹಾಳೆ: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಡಾಕ್ಟರೊಬ್ಬರು ತಾವಾಗಿಯೇ ಫೋನ್ ಮಾಡಿದರು. "ನಿಮ್ಮ ಹಾಳೆ ಈ ವಾರ ಏನು ಹೇಳ್ತಿದೆ ಮಾರಾಯ್ರೆ?" 2018ರಲ್ಲಿ ಇದೇ ಡಾಕ್ಟರು ಅಡಿಕೆ ಹಾಳೆ ತುಂಬಿದ ನನ್ನ ಚೀಲ ನೋಡಿ, "ಊಟದ ತಟ್ಟೆ ವ್ಯಾಪಾರ ಶುರು ಮಾಡಿದ್ರಾ?" ಎಂದು ನಕ್ಕಿದ್ದರು. ಮಸಿ ಹಚ್ಚಿದ ಅಡಿಕೆ ಹಾಳೆಯ ಮೇಲೆ ಬಿದ್ದ ಹೆಜ್ಜೆ ನೋಡಿ ಇಲಿ ಹೆಚ್ಚಿವೆಯೋ ಕಮ್ಮಿಯೋ ಎಂದು ತಿಳಿಯುವುದು ನನ್ನ ವಿಧಾನ. ಆ ಫೋನ್ ಬಂದ ಮೇಲೆ ಇದನ್ನು ಬರೆಯಬಹುದು ಅನ್ನಿಸಿತು.

ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್) ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಹತ್ತುತ್ತದೆ. ರೋಗಾಣು ಇಲಿಯ ಕಿಡ್ನಿಯಲ್ಲಿರುತ್ತದೆ. ಬೋನಿನಲ್ಲಿ ಇಲಿ ಹಿಡಿದು, ಕಿಡ್ನಿಯಲ್ಲಿ ರೋಗಾಣುವಿನ ಡಿಎನ್‌ಎ ಇದೆಯೇ ಎಂದು ನೋಡುವ ಪರೀಕ್ಷೆ ಪಿಸಿಆರ್. ಜ್ವರ ಬಂದು ಕೆಲವು ದಿನವಾದ ಮೇಲೆ ರೋಗಿಯ ರಕ್ತದಲ್ಲಿ ಕಾಣುವ ಪ್ರತಿಕಾಯದ ಪರೀಕ್ಷೆ ಐಜಿಎಂ. ನೇರ ವಿಷಯಕ್ಕೆ ಬರುತ್ತೇನೆ. ಮಲೆನಾಡಿನ ಮಳೆಯಲ್ಲಿ ಬೋನು ನಂಬಿ ಇಲಿ ಲೆಕ್ಕ ಹಿಡಿಯಲು ಆಗುವುದಿಲ್ಲ. ನಾನು ಮೊದಲ ವರ್ಷ 40 ಬೋನು ತಂದೆ. ಒಂದಕ್ಕೆ 300 ರೂಪಾಯಿಯ ಆಸುಪಾಸು, ಎಲ್ಲ ಕೈಯಿಂದ. ಆಷಾಢ ಮುಗಿಯುವಷ್ಟರಲ್ಲಿ ಹತ್ತೋ ಹನ್ನೊಂದೋ ನಾಪತ್ತೆ. ಒಂದು ಮಾತ್ರ ಮತ್ತೆ ಕಣ್ಣಿಗೆ ಬಿತ್ತು, ಯಾರದೋ ಮನೆಯ ಜಗಲಿಯಲ್ಲಿ, ಒಳಗೆ ಕೋಳಿ ಮರಿ. ಕೇಳಲು ಮನಸ್ಸಾಗಲಿಲ್ಲ. ಉಳಿದವು ತುಕ್ಕು ಹಿಡಿದು ಬಾಗಿಲು ಬೀಳುವುದನ್ನೇ ಮರೆತವು. ಒಣ ಮೀನು ಕಟ್ಟಿದರೆ ಏಡಿ ಬಂದು ಕೂರುತ್ತಿತ್ತು. ಒಂದು ವಾರವಂತೂ ಐದು ಏಡಿ, ಒಂದು ಕಪ್ಪೆ, ಇಲಿ ಸೊನ್ನೆ. ಜೊತೆಗೆ ಬರುತ್ತಿದ್ದ ಹುಡುಗನ ಮನೆಯಲ್ಲಿ ಏಡಿ ಸಾರು ಆಯಿತು, ನನ್ನ ಲೆಕ್ಕ ಆಗಲಿಲ್ಲ. ನೂರು ಬೋನು-ರಾತ್ರಿಗೆ (ಒಂದು ಬೋನು ಒಂದು ರಾತ್ರಿ ಇಟ್ಟರೆ ಒಂದು ಲೆಕ್ಕ) ಮೂರೋ ನಾಲ್ಕೋ ಇಲಿ ಸಿಕ್ಕರೆ, ಇಲಿ ಜಾಸ್ತಿಯಾಯಿತೋ ಕಮ್ಮಿಯಾಯಿತೋ ಯಾವ ಬಾಯಲ್ಲಿ ಹೇಳುವುದು?

ಸಂಜೆ ಬಿಲ ಮುಚ್ಚಿ, ಬೆಳಿಗ್ಗೆ ಎಷ್ಟು ತೆರೆದಿವೆ ಎಂದು ಎಣಿಸುವ ಹಳೇ ವಿಧಾನವನ್ನೂ ನೋಡಿದೆ. ಬಯಲುಸೀಮೆಯಲ್ಲಿ ಸರಿ. ನಮ್ಮ ಗದ್ದೆ ಅಂಚಿನಲ್ಲಿ ಹೆಗ್ಗಣದ ಬಿಲ ಯಾವುದು, ಏಡಿ ಬಿಲ ಯಾವುದು ಎಂದು ಜಗಳವಾಡುವುದರಲ್ಲೇ ಬೆಳಗು ಕಳೆಯಿತು.

ಆಮೇಲೆ ಹೆಜ್ಜೆ ಗುರುತು. ಹಲಗೆಗೆ ಮಸಿ ಹಚ್ಚಿಟ್ಟು ಇಲಿ ಹೆಜ್ಜೆ ನೋಡುವುದು ಹೊಸದೇನಲ್ಲ, ಊರು ಪೇಟೆಗಳಲ್ಲಿ ಮಾಡುತ್ತಾರೆ. ನಾನು 60 ಪ್ಲೈವುಡ್ ತುಂಡು ಕೊಯ್ಯಿಸಿದೆ. ಎಂಟೇ ದಿನಕ್ಕೆ ಹಪ್ಪಳದ ಹಾಗೆ ಉಬ್ಬಿದವು. ನಾಲ್ಕು ಸಾವಿರ ನೀರಿಗೆ.

ದಾರಿ ಸಿಕ್ಕಿದ್ದು ಹೊಸನಗರದ ಒಂದು ಮನೆಯ ಅಟ್ಟದಲ್ಲಿ. ಹಳೇ ಅಡಿಕೆ ಹಾಳೆಗಳನ್ನು ಒಲೆಯ ಮೇಲ್ಗಡೆ ಪೇರಿಸಿಟ್ಟಿದ್ದರು. ವರ್ಷಗಳ ಹೊಗೆ ಕುಡಿದು ಕರ್ರಗಾಗಿದ್ದ ಮೇಲಿನ ಹಾಳೆಯಲ್ಲಿ ಇಲಿ ಓಡಾಡಿದ ಗುರುತು. ಒಂದೊಂದು ಬೆರಳೂ ಬಿಡಿಬಿಡಿ. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಐದು. ಮಧ್ಯೆ ಬಾಲ ಎಳೆದ ಗೆರೆ. ಟಾರ್ಚ್ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಕೆಳಗಿಂದ ಅಮ್ಮನವರು ಕಾಫಿ ಆರಿತು ಎಂದು ಎರಡು ಸಲ ಕೂಗಿದರು.

ಹಾಳೆಯ ಒಳಮೈ ನುಣುಪು, ಬೇಗ ನೀರು ಕುಡಿಯುವುದಿಲ್ಲ, ಬಿಟ್ಟಿ ಸಿಗುತ್ತದೆ. ಬೇಸಿಗೆಯಲ್ಲಿ ಬಿದ್ದದ್ದನ್ನು ಆರಿಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಒಂದೂವರೆ ಗೇಣಿಗೆ ಕತ್ತರಿಸಿಡುತ್ತೇನೆ. ಒಳಮೈಗೆ ಮಸಿ ಹಚ್ಚಿ ನೆಲದ ಮೇಲಿಟ್ಟು, ಮೂರು ದಬ್ಬೆ ಗೂಟ ನೆಟ್ಟು ಮೇಲೊಂದು ಹಾಳೆಯ ಚಪ್ಪರ. ನೆಲಕ್ಕೂ ಚಪ್ಪರಕ್ಕೂ ಒಂದು ಗೇಣಿಗಿಂತ ಕಮ್ಮಿ ಸಂದು, ಇಲ್ಲದಿದ್ದರೆ ಬೆಕ್ಕು ಬಂದು ಮಲಗುತ್ತದೆ. ಒಂದು ಸಾಲಿಗೆ 10 ಹಾಳೆ, ಎರಡು ರಾತ್ರಿ. ಹೆಜ್ಜೆ ಬಿದ್ದರೆ 1, ಇಲ್ಲದಿದ್ದರೆ 0. ಎಷ್ಟು ಹೆಜ್ಜೆ ಎಂದು ಎಣಿಸಲು ಹೋಗಬೇಡಿ, ಒಂದೇ ಇಲಿ ರಾತ್ರಿಯಿಡೀ ಕುಣಿದಿರುತ್ತದೆ. ಐದೈದು ಬೆರಳು ನಾಲ್ಕೂ ಕಾಲಿಗೆ ಕಂಡರೆ ಅದು ಸುಂಡಿಲಿ, ನಿಜವಾದ ಇಲಿಯಲ್ಲ. ಅದಕ್ಕೆ ಬೇರೆ ಕಾಲಂ ಇಡಿ.

ಮಸಿಯನ್ನು ಯಾವುದರಲ್ಲಿ ಕಲೆಸುವುದು? ಮೊದಲು ಸೀಮೆಎಣ್ಣೆಯಲ್ಲಿ ಕಲೆಸಿದೆ. ಎರಡು ತಿಂಗಳು ಎಲ್ಲ ಸಾಲೂ ಸೊನ್ನೆ. ಇಲಿಯೇ ಇಲ್ಲ ಎಂದು ವರದಿ ಬರೆದೂ ಆಗಿತ್ತು. ವಾಸನೆಗೆ ಹತ್ತಿರ ಬರುತ್ತಿರಲಿಲ್ಲ, ಅಷ್ಟೇ! ಈಗ ಸ್ಪಿರಿಟ್ಟು, ಜೊತೆಗೆ ಅಡುಗೆಮನೆಯ ಇನ್ನೊಂದು ವಸ್ತು. ಅದರ ಹೆಸರು, ಅಳತೆ ಇಲ್ಲಿ ಬೇಡ. ವರ್ಷವಿಡೀ ಒಂದು ಸಾಲು ನಡೆಸಿ ತೋರಿಸಿದವರಿಗೆ ಹೇಳುತ್ತೇನೆ.

ಆರು ಜಾಗ ಹಿಡಿದೆ. ಆಗುಂಬೆ ತಪ್ಪಲಿಂದ ಭದ್ರಾವತಿಯ ನಾಲೆ ಬಯಲಿನವರೆಗೆ. ಜ್ವರ ಬಂದ ಊರಿಗೆ ಓಡುವುದನ್ನು ಬಿಟ್ಟೆ. ತಿಂಗಳು ತಿಂಗಳೂ ಅದೇ ತೋಟ, ಅದೇ ಅಂಚು, ಅದೇ ಗೂಟದ ಗುಳಿ. 2019ರ ಆಗಸ್ಟ್ ನೆರೆಯಲ್ಲಿ ಎರಡು ಸಾಲು ಗೂಟದ ಸಮೇತ ತುಂಗೆಗೆ ಹೋದವು. 2020ರ ಲಾಕ್‌ಡೌನ್‌ನಲ್ಲಿ ಮೂರು ತಿಂಗಳು ಖಾಲಿ. ಆ ಜಾಗವನ್ನು ಅಂದಾಜಿನಿಂದ ತುಂಬಲಿಲ್ಲ, ಇವತ್ತಿಗೂ ಖಾಲಿಯೇ ಇದೆ.

ರೋಗಿಗಳ ಕಡೆಯ ಲೆಕ್ಕ ಇನ್ನೂ ತಲೆನೋವು. ರಿಜಿಸ್ಟರಿನಲ್ಲಿ ಇರುವುದು ಮನೆ ವಿಳಾಸ. ಜ್ವರ ಹತ್ತಿದ್ದು ಎಲ್ಲೋ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದ ಹಿಂದಿನ ಕೆಲಸ ಕೇಳಬೇಕು, ಯಾರ ತೋಟದ ಕಪ್ಪು (ಬಸಿಗಾಲುವೆ) ಬಿಡಿಸಿದ್ರಿ, ಯಾರ ಗದ್ದೆ ನಾಟಿ, ಕಾಲಲ್ಲಿ ಗಾಯ ಇತ್ತಾ ಎಂದು. ಸೊರಬದ ವಿಳಾಸದ ಒಬ್ಬರು ಆ ಹದಿನೈದು ದಿನ ಪೂರ್ತಿ ಹೊಸನಗರದಲ್ಲಿ ಕೂಲಿಗಿದ್ದರು! ಜ್ವರದ ಎಷ್ಟನೇ ದಿನ ರಕ್ತ ತೆಗೆದರು ಎನ್ನುವುದನ್ನೂ ಬರೆಯಲೇಬೇಕು. ಒಂದು ಕಡೆ ಎರಡನೇ ದಿನವೇ ಐಜಿಎಂ ಮಾಡಿ, ನೆಗೆಟಿವ್ ಬಂತೆಂದು ವೈರಲ್ ಅಂತ ಕಳಿಸಿಬಿಡುತ್ತಿದ್ದರು. ಇನ್ನು ನಮ್ಮಲ್ಲಿ ಜ್ವರ ಅಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡದ್ದು, ಭಯ ಇರುವುದು ಸಹಜ. ಆದರೆ ಅದರ ಕಾಲ ಚಳಿಗಾಲ, ಬೇಸಿಗೆ. ಇಲಿ ಜ್ವರದ್ದು ಮಳೆ, ಕೆಸರು.

ಇಲಿ ಹೆಚ್ಚಾದ ಮಾತ್ರಕ್ಕೆ ರೋಗಾಣು ಹೆಚ್ಚಿದೆ ಎಂದಲ್ಲವಲ್ಲ, ಅದಕ್ಕೆ ಉಳಿದ ಬೋನುಗಳಲ್ಲಿ ಸಿಕ್ಕಷ್ಟು ಇಲಿಯ ಕಿಡ್ನಿ ಪಿಸಿಆರ್‌ಗೆ ಕಳಿಸುತ್ತೇನೆ. ಒಂದು ಸಲ ಮೂರು ದಿನ ಕರೆಂಟ್ ಹೋಗಿ ಫ್ರಿಜ್‌ನಲ್ಲಿದ್ದ ಇಪ್ಪತ್ತೈದು ಕಿಡ್ನಿ ಕೊಳೆತವು. ಮನೆಯವಳು ಒಂದು ವಾರ ಮಾತಾಡಲಿಲ್ಲ. ಅಂದಿನಿಂದ ನೇರ ಆಲ್ಕೋಹಾಲ್‌ಗೆ. ರೋಗಾಣು ಬೆಳೆಸಿ ನೋಡುವ ಕಲ್ಚರ್ ಆಸೆ ಬಿಡಬೇಕು, ಪಿಸಿಆರ್‌ಗೆ ಸಾಕು.

ಮೂರನೇ ವರ್ಷ ಹಾಳೆ ಮಾತಾಡಿತು. ತೀರ್ಥಹಳ್ಳಿ ಕಡೆಯ ಒಂದು ತೋಟದ ಸಾಲಿನಲ್ಲಿ ಹತ್ತಕ್ಕೆ ಎರಡು-ಮೂರು ಇದ್ದದ್ದು ನಾಟಿ ಹೊತ್ತಿಗೆ ಏಳಾಯಿತು. ಗದ್ದೆಗೆ ನೀರು ನಿಂತಾಗ ಇಲಿಗಳು ತೋಟದ ಅಂಚಿಗೆ, ಕೊಟ್ಟಿಗೆಗೆ ಹತ್ತಿ ಬರುತ್ತವೆ ಎಂದು ನನ್ನ ಲೆಕ್ಕ. ಕಿಡ್ನಿ ಆರರಲ್ಲಿ ಎರಡೋ ಮೂರೋ ಪಾಸಿಟಿವ್. ಹೇಳಿದೆ, ಯಾರೂ ಕೇಳಲಿಲ್ಲ. ಸುಮಾರು ಮೂರು ವಾರಕ್ಕೆ ಅದೇ ಸುತ್ತಿನಿಂದ ನಾಲ್ಕು ಜನ ಜ್ವರ ಅಂತ ಬಂದರು. ಮರುವರ್ಷ ಇನ್ನೊಂದು ಸಾಲಿನಲ್ಲಿ ಹಾಗೇ ಆದಾಗ, ಹೇಳಿದ್ದಕ್ಕೆ ಆಶಾ ಕಾರ್ಯಕರ್ತೆಯರು ಮೊದಲೇ ಮನೆ ಮನೆಗೆ ಹೋದರು. ಗಮ್‌ಬೂಟಿನ ಮಾತಾಯಿತು. ಡಾಕ್ಟರು ಕೆಲವರಿಗೆ ಮುನ್ನೆಚ್ಚರಿಕೆಗೆ ವಾರಕ್ಕೊಂದು ಸಲದ ಡಾಕ್ಸಿಸೈಕ್ಲಿನ್ (ಆಂಟಿಬಯಾಟಿಕ್) ಬರೆದರು.

ಈಗ ಆರು ಸಾಲಿಗೆ ವರ್ಷದ ಖರ್ಚು ಹದಿನೆಂಟು ಸಾವಿರದ ಹತ್ತಿರ. ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್. ಹಾಳೆಗೆ ಸೊನ್ನೆ.

ಭದ್ರಾವತಿ ಸಾಲು ಮಾತ್ರ ಇನ್ನೂ ಬಗ್ಗಿಲ್ಲ. ನಾಲೆ ನೀರಿಗೆ ಬೇಸಿಗೆ ಬೆಳೆಯೂ ಇರುವುದರಿಂದ ಅಲ್ಲಿ ವರ್ಷವಿಡೀ ಐದು-ಆರು, ಏರೂ ಇಲ್ಲ ಇಳಿತವೂ ಇಲ್ಲ. ಈ ಸಲ ಅಲ್ಲಿ ತಿಂಗಳಿಗೊಮ್ಮೆ ಬದಲು ಹದಿನೈದು ದಿನಕ್ಕೊಮ್ಮೆ ಇಡುತ್ತಿದ್ದೇನೆ. ಅದಕ್ಕೆ ಇನ್ನೂರು ಹಾಳೆ ಜಾಸ್ತಿ ಬೇಕು, ಅಟ್ಟದಲ್ಲಿ ಜಾಗ ಮುಗಿದಿದೆ.