ಚನ್ನಪಟ್ಟಣದ ಬೊಂಬೆ ಘಟಕ: ತಯಾರಿಕಾ ವೆಚ್ಚ ವಿಂಗಡಿಸುವುದು ಹೇಗೆ?

ಪ್ರತಿ ಬಿಲ್ಲಿಗೂ ಮೊದಲು ಒಂದೇ ಪ್ರಶ್ನೆ ಹಾಕಿ: ಈ ಖರ್ಚು ಕಾರ್ಖಾನೆಯದೋ, ಮಾರಾಟ ಮತ್ತು ಆಡಳಿತದ್ದೋ?

ಕಾರ್ಖಾನೆಯದಾದರೆ ಮೂರು ಗುಂಪು. ಆಲೆ ಮರ, ಬಣ್ಣದ ಅರಗು ನೇರ ಸಾಮಗ್ರಿ. ಲೇತ್ ಮೇಲೆ ಬೊಂಬೆ ಕಡೆಯುವವರ ಕೂಲಿ ನೇರ ಕೂಲಿ. ಉಜ್ಜುಕಾಗದ, ಕರೆಂಟು, ಮೇಲ್ವಿಚಾರಕರ ಸಂಬಳ, ಲೇತ್ ಸವಕಳಿ ಎಲ್ಲವೂ ಓವರ್‌ಹೆಡ್, ಅಂದರೆ ಇಂತಿಷ್ಟು ಒಂದು ಬೊಂಬೆಗೆ ಎಂದು ನೇರವಾಗಿ ಹಚ್ಚದ ಕಾರ್ಖಾನೆ ಖರ್ಚು. ಉಜ್ಜುಕಾಗದವೂ ಸಾಮಗ್ರಿಯೇ, ನಿಜ. ಆದರೆ ಬೊಂಬೆಗೆಷ್ಟು ಎಂದು ಲೆಕ್ಕವಿಡುವುದು ಪಡುವ ಶ್ರಮಕ್ಕೆ ತಕ್ಕದ್ದಲ್ಲ.

ತಿಂಗಳಿಗೆ 2,000 ಬೊಂಬೆ ಎಂದುಕೊಳ್ಳಿ. ಸಾಮಗ್ರಿ ₹60,000, ಕೂಲಿ ₹50,000, ಓವರ್‌ಹೆಡ್ ₹30,000. ಒಟ್ಟು ₹1,40,000, ಅಂದರೆ ಬೊಂಬೆಗೆ ₹70. ಹಳೆಯ ದಾಸ್ತಾನಿಲ್ಲದೆ 1,600 ಮಾರಾಟವಾದರೆ, ಉಳಿದ 400ರ ₹28,000 ಖರ್ಚಲ್ಲ, ದಾಸ್ತಾನು.

ಎಡವಟ್ಟಾಗುವುದು ಇಲ್ಲೇ. ಮಳಿಗೆ ಬಾಡಿಗೆ ₹20,000 ಅನ್ನು ಓವರ್‌ಹೆಡ್‌ಗೆ ಸೇರಿಸಿದರೆ ಬೊಂಬೆಗೆ ₹80 ಆಗುತ್ತದೆ. ಮಾರಾಟವಾಗದ 400 ಬೊಂಬೆಗೆ ತಲಾ ₹10 ಹೆಚ್ಚಾಗಿ, ದಾಸ್ತಾನೂ ಆ ತಿಂಗಳ ಲಾಭವೂ ₹4,000 ಉಬ್ಬುತ್ತವೆ. ಆ ಬಾಡಿಗೆ ಪೂರ್ತಿ ಅದೇ ತಿಂಗಳ ಖರ್ಚು. ಕಾರ್ಖಾನೆ, ಮಳಿಗೆ ಒಂದೇ ಕಟ್ಟಡದಲ್ಲಿದ್ದರೆ ಬಾಡಿಗೆಯನ್ನು ಚದರಡಿ ಲೆಕ್ಕದಲ್ಲಿ ಹಂಚಿ.

ಮೂಲ ವೆಚ್ಚ (ಸಾಮಗ್ರಿ+ಕೂಲಿ) ₹1,10,000. ಪರಿವರ್ತನಾ ವೆಚ್ಚ (ಕೂಲಿ+ಓವರ್‌ಹೆಡ್) ₹80,000. ಇವೆರಡನ್ನು ಕೂಡಿಸಬೇಡಿ, ಕೂಲಿ ಎರಡು ಸಲ ಸೇರುತ್ತದೆ.