ಅರ್ಧಕ್ಕೆ ನಿಂತ ಕೋಡ್‌ಗೆ ಲೆಕ್ಕ ಇಡುವುದು ಹೇಗೆ?

ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಒಂದಷ್ಟು ಹುಡುಗ ಹುಡುಗಿಯರು ಓಪನ್ ಸೋರ್ಸ್ ಕೆಲಸಕ್ಕೆ ಕೈ ಹಾಕುತ್ತಾರೆ. ಉತ್ಸಾಹಕ್ಕೆ ಕೊರತೆಯಿಲ್ಲ. ಆದರೆ ಕೊನೆಯ ಸೆಮಿಸ್ಟರ್ ಮುಗಿಸಿ ಅವರು ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ಬರೆದಿಟ್ಟ ಬ್ರಾಂಚ್ (ಮುಖ್ಯ ಕೋಡ್‌ನಿಂದ ಒಡೆದ ಕವಲು) ಹಾಗೇ ಉಳಿದುಬಿಡುತ್ತದೆ. ಅದರಲ್ಲಿ ಎಷ್ಟು ಆಗಿದೆ, ಎಷ್ಟು ಬಾಕಿ, ವಿಂಡೋಸ್‌ನಲ್ಲಿ ಓಡುತ್ತದೋ ಇಲ್ಲವೋ ಹೇಳುವವರಿಲ್ಲ. ಮುಂದಿನ ವರ್ಷ ಬಂದವರು ಅದನ್ನು ಬಿಡಿಸಿ ನೋಡುವ ಬದಲು ಮೊದಲಿನಿಂದ ಬರೆಯುತ್ತಾರೆ, ಮತ್ತೆ ಅದೇ ಜಾಗದಲ್ಲಿ ಬಿಡುತ್ತಾರೆ. ಲಿನಕ್ಸ್, ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರಲ್ಲೂ ಓಡಬೇಕಾದ ಲೈಬ್ರರಿಗಳಲ್ಲಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಈ ನಷ್ಟ ಇನ್ನೂ ಹೆಚ್ಚು. ಅಲ್ಲಿ ಒಂದು ಕೆಲಸ ಅಂದರೆ ನಾಲ್ಕು ಕೆಲಸ.

ಹಂತ 1: ಬಾಕಿಯನ್ನು ಹುಡುಕಿ

ದೋಷ, ಬಾಕಿ ಕೆಲಸಗಳನ್ನು ಬರೆದಿಡುವ ಇಶ್ಯೂ ಪಟ್ಟಿ ನೋಡಿ ಇಷ್ಟೇ ಬಾಕಿ ಎಂದುಕೊಳ್ಳಬೇಡಿ. ಕೋಡ್‌ನ ಇತಿಹಾಸ ಕಾಯ್ದಿಡುವ ಗಿಟ್‌ನಲ್ಲಿ ಗ್ರೆಪ್ ಎಂಬ ಹುಡುಕುವ ಆದೇಶ ಕೊಟ್ಟು, ಆಮೇಲೆ ಮಾಡಬೇಕು ಎಂದು ಬರೆದಿಟ್ಟ ಟುಡು, ಫಿಕ್ಸ್‌ಮಿ ಎಂಬ ಗುರುತುಗಳನ್ನು ಹುಡುಕಿ. ಸಿಕ್ಕ ಸಾಲಿಗೆ ಗಿಟ್ ಬ್ಲೇಮ್ ಹಾಕಿದರೆ ಯಾರು, ಯಾವಾಗ ಬರೆದದ್ದು ಎಂದು ತಿಳಿಯುತ್ತದೆ. ಮರ್ಜ್ ಆಗದ, ಅಂದರೆ ಮುಖ್ಯ ಕೋಡ್‌ಗೆ ಸೇರದ ಬ್ರಾಂಚ್‌ಗಳು, ಡ್ರಾಫ್ಟ್ ಆಗಿಯೇ ನಿಂತ ಪುಲ್ ರಿಕ್ವೆಸ್ಟ್‌ಗಳನ್ನೂ (ಸೇರಿಸಿಕೊಳ್ಳಿ ಎಂಬ ಕೋರಿಕೆ) ಸೇರಿಸಿಕೊಳ್ಳಿ.

ಕಣ್ತಪ್ಪುವ ಜಾಗ ಎರಡು. ಮೊದಲನೆಯದು ಇಫ್‌ಡೆಫ್, ಅಂದರೆ ಯಾವ ಪ್ಲಾಟ್‌ಫಾರ್ಮ್‌ಗೆ ಯಾವ ಕೋಡ್ ಎಂದು ಬೇರ್ಪಡಿಸುವ ಸಾಲು. ವಿಂಡೋಸ್‌ಗೆ ಒಂದು ದಾರಿ, ಲಿನಕ್ಸ್‌ಗೆ ಒಂದು ದಾರಿ ಬರೆದು, ಕೊನೆಯ ಎಲ್ಸ್ ಭಾಗದಲ್ಲಿ ಸುಮ್ಮನೆ ಸೊನ್ನೆ ಹಿಂದಿರುಗಿಸಿರುತ್ತಾರೆ. ಯಾವ ಟುಡು ಗುರುತೂ ಇರುವುದಿಲ್ಲ, ಎಲ್ಲ ಕಡೆ ಕಂಪೈಲ್ ಆಗುತ್ತದೆ, ಮ್ಯಾಕ್‌ನಲ್ಲಿ ಮಾತ್ರ ಏನೂ ನಡೆಯುವುದಿಲ್ಲ. ಎರಡನೆಯದು ಸ್ಕಿಪ್ ಮಾಡಿದ ಟೆಸ್ಟ್. ಸ್ಕಿಪ್ ಎಂದು ಬರೆದ ಪ್ರತಿಯೊಂದು ಟೆಸ್ಟೂ ಒಂದು ಬಾಕಿ ಕೆಲಸವೇ.

ಹಂತ 2: ಎಲ್ಲವನ್ನೂ ಒಂದೇ ಕಡೆ ತನ್ನಿ

ಕೋಡ್ ಎಲ್ಲಿದೆಯೋ ಅಲ್ಲಿನ ಇಶ್ಯೂ ಪಟ್ಟಿಯೇ ಸಾಕು. ಬೇರೆ ಸ್ಪ್ರೆಡ್‌ಶೀಟ್ ಬೇಡ. ವಾಟ್ಸ್ಆ್ಯಪ್ ಗುಂಪಿನಲ್ಲಿ ಪಟ್ಟಿ ಹಾಕುವುದಂತೂ ಬೇಡವೇ ಬೇಡ, ವಾರ ಕಳೆದರೆ ಅದು ಮೇಲೆಲ್ಲೋ ಹೋಗಿರುತ್ತದೆ. ಬಣ್ಣಬಣ್ಣದ ಕಾರ್ಡು ಎಳೆದು ಬಿಡುವ ಬೋರ್ಡ್‌ಗಳನ್ನೂ ನಾನು ಸಲಹೆ ಮಾಡುವುದಿಲ್ಲ. ಹೊಸನಗರದ ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಕೂತವರಿಗೆ ಆ ಪುಟ ತೆರೆದುಕೊಳ್ಳುವ ಹೊತ್ತಿಗೆ ಕರೆಂಟು ಹೋಗಿರುತ್ತದೆ. ಬಾಕಿಯನ್ನು ಕೋಡ್ ಇರುವಲ್ಲಿಗೇ ತರುವುದನ್ನು ದೊಡ್ಡ ಯೋಜನೆಗಳೂ ಮಾಡಿವೆ. ಆಟ ಕಟ್ಟುವವರು ಬಳಸುವ, 1998ರಲ್ಲಿ ಶುರುವಾದ ಎಸ್‌ಡಿಎಲ್ ಲೈಬ್ರರಿ 2021ರಲ್ಲಿ ಗಿಟ್ ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಬಂದಾಗ, ಬಗ್‌ಜಿಲ್ಲಾ ಎಂಬ ದೋಷ ದಾಖಲಿಸುವ ತಂತ್ರಾಂಶದಲ್ಲಿದ್ದ ಹಳೆಯ ದೂರುಗಳನ್ನೂ ಕೋಡ್ ಜೊತೆಗೇ ತಂದಿತು.

ಹಂತ 3: ಪ್ರತಿ ಬಾಕಿಗೂ ಪ್ಲಾಟ್‌ಫಾರ್ಮ್‌ವಾರು ಸ್ಥಿತಿ ಬರೆಯಿರಿ

ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ನೋಡೋಣ.

‘ಮುಗಿದಿದೆ’ ಎಂಬ ಪದವನ್ನು ಪಟ್ಟಿಯಿಂದ ತೆಗೆದುಹಾಕಿ. ಕೊಯ್ದಾಯಿತೇ, ಸುಲಿದಾಯಿತೇ, ಬೇಯಿಸಿಯಾಯಿತೇ, ಒಣಗಿತೇ ಎನ್ನುವುದನ್ನು ಹೇಳದೆ ‘ಅಡಿಕೆ ಆಯಿತು’ ಎಂದರೆ ಮಂಡಿಯಲ್ಲಿ ಯಾರೂ ಒಪ್ಪುವುದಿಲ್ಲ. ಕೋಡ್‌ಗೂ ನಾಲ್ಕು ಸ್ಥಿತಿ ಇಟ್ಟುಕೊಳ್ಳಿ: ಬರೆದಿದೆ, ಕಂಪೈಲ್ ಆಗಿದೆ, ಓಡಿದೆ, ಟೆಸ್ಟ್ ಪಾಸಾಗಿದೆ. ಇವನ್ನು ಪ್ರತಿ ಪ್ಲಾಟ್‌ಫಾರ್ಮ್‌ಗೂ ಬೇರೆಬೇರೆಯಾಗಿ ಬರೆಯಬೇಕು. ಇನ್ನೂ ಮುಟ್ಟಿಲ್ಲದಿದ್ದರೆ ಮುಟ್ಟಿಲ್ಲ ಎಂದೇ ಬರೆಯಿರಿ. ಜಾಗ ಖಾಲಿ ಬಿಟ್ಟರೆ ಓದುವವರು ಆಗಿದೆ ಅಂದುಕೊಳ್ಳುತ್ತಾರೆ.

ಒಂದು ಉದಾಹರಣೆ. ಎಸ್‌ಡಿಎಲ್ ಮೇಲೆ ಕನ್ನಡ ಕಲಿಸುವ ಆಟ ಕಟ್ಟುತ್ತಿದ್ದೀರಿ. ಪರದೆಯ ಮೇಲೆ ಅಕ್ಷರ ಮೂಡಿಸಲು ಎಸ್‌ಡಿಎಲ್-ಟಿಟಿಎಫ್ ಬಳಸುತ್ತೀರಿ. 2022ರ 2.0.18 ಆವೃತ್ತಿಯಿಂದ ಅದಕ್ಕೆ ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿಯ ನೆರವಿದೆ. ಒತ್ತಕ್ಷರ, ಅರ್ಕಾವತ್ತು, ಸ್ವರಚಿಹ್ನೆಗಳನ್ನು ಸರಿಯಾಗಿ ಕೂಡಿಸುವ ಕೆಲಸ ಅದರದ್ದು. ಆದರೆ ಬಿಲ್ಡ್ ಮಾಡುವಾಗ ಅದನ್ನು ಸೇರಿಸಬಹುದು, ಬಿಡಬಹುದು. ಲಿನಕ್ಸ್‌ನಲ್ಲಿ ಸೇರಿಸಿಕೊಂಡು ಬಿಲ್ಡ್ ಮಾಡಿದವರಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ, ‘ಕನ್ನಡ ಬರುತ್ತದೆ’ ಎಂದು ಇಶ್ಯೂ ಮುಚ್ಚುತ್ತಾರೆ. ಆಂಡ್ರಾಯ್ಡ್‌ಗೆ ಅದಿಲ್ಲದೆ ಬಿಲ್ಡ್ ಮಾಡಿದವರಿಗೆ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತದೆ.

ಆದ್ದರಿಂದ ಇಶ್ಯೂವಿನಲ್ಲಿ ಯಾವ ಪದ ಬರೆದು ನೋಡಬೇಕು ಎಂಬುದೂ ಇರಬೇಕು. ‘ನಗರ’ ಎಂದು ಬರೆದು ನೋಡಿ ಸರಿಯಿದೆ ಎನ್ನುವವರಿದ್ದಾರೆ. ಮೂರೂ ಬರಿಯ ಅಕ್ಷರ, ಒತ್ತಿಲ್ಲ, ಗುಣಿತವಿಲ್ಲ. ಹಾರ್ಫ್‌ಬಜ್ ಇಲ್ಲದಿದ್ದರೂ ಅದು ಸರಿಯಾಗೇ ಕಾಣುತ್ತದೆ. ‘ತೀರ್ಥಹಳ್ಳಿ’ ಎಂದು ಬರೆಯಿರಿ. ದೀರ್ಘ, ಅರ್ಕಾವತ್ತು, ಒತ್ತು, ಗುಡಿಸು ಎಲ್ಲ ಒಂದೇ ಪದದಲ್ಲಿವೆ. ಹತ್ತು ಕೋಡ್‌ಪಾಯಿಂಟ್ (ಯೂನಿಕೋಡ್ ಚಿಹ್ನೆ), ಯುಟಿಎಫ್-8 ಎಂಬ ಸಂಕೇತದಲ್ಲಿ 30 ಬೈಟ್. ಉದ್ದ ಲೆಕ್ಕ ಹಾಕುವ ಫಂಕ್ಷನ್‌ಗೂ ಇದೇ ಪದ ಒಳ್ಳೆಯ ಪರೀಕ್ಷೆ.

ಇಶ್ಯೂ ಹೀಗಿರಲಿ:

ಲಿನಕ್ಸ್: ಟೆಸ್ಟ್ ಪಾಸಾಗಿದೆ.
ವಿಂಡೋಸ್: ಕಂಪೈಲ್ ಆಗಿದೆ. ಓಡಿಸಿ ನೋಡಿಲ್ಲ.
ಆಂಡ್ರಾಯ್ಡ್: ಓಡಿದೆ. ಒತ್ತಕ್ಷರ ಒಡೆದಿದೆ, ಹಾರ್ಫ್‌ಬಜ್ ಇಲ್ಲದ ಬಿಲ್ಡ್.
ಮ್ಯಾಕ್: ಮುಟ್ಟಿಲ್ಲ. ನಮ್ಮಲ್ಲಿ ಯಾರ ಬಳಿಯೂ ಯಂತ್ರವಿಲ್ಲ.
ಮುಚ್ಚುವುದು ಯಾವಾಗ: ನಾಲ್ಕರಲ್ಲೂ ‘ತೀರ್ಥಹಳ್ಳಿ’ ಒಂದೇ ರೀತಿ ಮೂಡಿದಾಗ.

‘ಯಂತ್ರವಿಲ್ಲ’ ಎಂದು ಬರೆಯಲು ಸಂಕೋಚ ಪಡಬೇಡಿ. ಮ್ಯಾಕ್ ಇರುವ ಯಾರೋ ಒಬ್ಬರು ದೂರದಲ್ಲಿ ಕೂತು ಅದನ್ನು ಓದಿದರೆ ಸಂಜೆಯೊಳಗೆ ಉತ್ತರ ಬರಬಹುದು.

ಪರೀಕ್ಷಿಸದೆ ಊಹೆಯ ಮೇಲೆ ಸ್ಥಿತಿ ಬರೆಯುವುದು ದೊಡ್ಡ ಅಪಾಯ. 64 ಬಿಟ್ ಲಿನಕ್ಸ್‌ನಲ್ಲಿ ಸಿ ಭಾಷೆಯ ಲಾಂಗ್ ಎಂಬ ಪೂರ್ಣಾಂಕ ಎಂಟು ಬೈಟ್, 64 ಬಿಟ್ ವಿಂಡೋಸ್‌ನಲ್ಲಿ ನಾಲ್ಕೇ ಬೈಟ್. ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರವನ್ನು ಲಿನಕ್ಸ್ ಬೇರೆಬೇರೆ ಎಂದು ನೋಡುತ್ತದೆ; ವಿಂಡೋಸ್, ಮ್ಯಾಕ್ ಸಾಮಾನ್ಯವಾಗಿ ನೋಡುವುದಿಲ್ಲ. ‘ಲಿನಕ್ಸ್‌ನಲ್ಲಿ ಆಯಿತು, ಅಲ್ಲೂ ಆಗುತ್ತದೆ’ ಎಂಬ ಸಾಲಿಗೆ ಪಟ್ಟಿಯಲ್ಲಿ ಜಾಗ ಕೊಡಬೇಡಿ.

ಪ್ರತಿ ಬದಲಾವಣೆಯನ್ನೂ ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ಸಿಐನ ಹಸಿರು ಗುರುತನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ತಪ್ಪಾದರೂ ಮುಂದುವರಿಸು ಎಂಬ ಆಯ್ಕೆಯನ್ನು ಕಾನ್ಫಿಗ್ ಫೈಲಿನಲ್ಲಿ ಹಾಕಿದ್ದರೆ ವಿಂಡೋಸ್ ಜಾಬ್ ಬಿದ್ದರೂ ಒಟ್ಟು ಫಲಿತಾಂಶ ಹಸಿರಾಗೇ ಇರುತ್ತದೆ. ಗಡುವಿನ ಒತ್ತಡದಲ್ಲಿ ಹಾಕಿದ ಈ ಅಡ್ಡದಾರಿ ವರ್ಷಗಟ್ಟಲೆ ಹಾಗೇ ಇದ್ದುಬಿಡುತ್ತದೆ. ಕಂಡ ತಕ್ಷಣ ಅದಕ್ಕೊಂದು ಇಶ್ಯೂ ತೆರೆಯಿರಿ.

ಹಂತ 4: ಲೇಬಲ್, ಮೈಲಿಗಲ್ಲು

ಪ್ಲಾಟ್‌ಫಾರ್ಮ್‌ಗೊಂದು ಲೇಬಲ್, ಹೊಸಬರಿಗೆ ಹೊಂದುವ ಕೆಲಸಕ್ಕೊಂದು ಲೇಬಲ್, ಬಿಡುಗಡೆಗೊಂದು ಮೈಲಿಗಲ್ಲು. ಇಷ್ಟು ಸಾಕು. ತುರ್ತು, ಅತಿ ತುರ್ತು ಎಂದೆಲ್ಲ ಮಾಡಿಟ್ಟರೆ ಸ್ವಲ್ಪ ದಿನದಲ್ಲಿ ಎಲ್ಲವೂ ಅತಿ ತುರ್ತಾಗುತ್ತವೆ.

ಹಂತ 5: ಮುಚ್ಚುವಾಗ ಎಚ್ಚರ

ಪುಲ್ ರಿಕ್ವೆಸ್ಟ್‌ನ ವಿವರಣೆಯಲ್ಲಿ ಫಿಕ್ಸಸ್ ಎಂದು ಬರೆದು ಇಶ್ಯೂ ಸಂಖ್ಯೆ ಕೊಟ್ಟರೆ, ಮುಖ್ಯ ಬ್ರಾಂಚ್‌ಗೆ ಮರ್ಜ್ ಆದ ಕ್ಷಣ ಗಿಟ್‌ಹಬ್ ಆ ಇಶ್ಯೂವನ್ನು ತಾನೇ ಮುಚ್ಚುತ್ತದೆ. ಕ್ಲೋಸಸ್, ರಿಸಾಲ್ವ್ಸ್ ಬರೆದರೂ ಅಷ್ಟೇ. ಅನುಕೂಲದ ಸೌಲಭ್ಯ, ನಿಜ. ಆದರೆ ನಿಮ್ಮ ತಿದ್ದುಪಡಿ ಲಿನಕ್ಸ್‌ಗೆ ಮಾತ್ರವಾಗಿದ್ದರೆ ಉಳಿದ ಮೂರರ ಬಾಕಿಯೂ ಅದರ ಜೊತೆಗೆ ಪಟ್ಟಿಯಿಂದ ಮಾಯ. ಅರ್ಧ ಕೆಲಸಕ್ಕೆ ಬರಿಯ ಇಶ್ಯೂ ಸಂಖ್ಯೆ ಬರೆಯಿರಿ. ಕೊಂಡಿ ಉಳಿಯುತ್ತದೆ, ಇಶ್ಯೂ ತೆರೆದೇ ಇರುತ್ತದೆ.

ಬಹಳ ದಿನ ಸದ್ದಿಲ್ಲದ ಇಶ್ಯೂಗಳನ್ನು ತಾನಾಗಿ ಮುಚ್ಚುವ ಬಾಟ್‌ಗಳಿವೆ. ಸಣ್ಣ ತಂಡಗಳು ಇವನ್ನು ಹಾಕಿಕೊಳ್ಳಲೇಬಾರದು. ಯಾರೂ ಮಾತಾಡಲಿಲ್ಲ ಎಂದ ಮಾತ್ರಕ್ಕೆ ದೋಷ ಸರಿಹೋಗುವುದಿಲ್ಲ, ಪಟ್ಟಿ ಮಾತ್ರ ಚಿಕ್ಕದಾಗುತ್ತದೆ. ಕಷ್ಟಪಟ್ಟು ದೋಷ ವರದಿ ಮಾಡಿದವರಿಗೂ ಅದು ಅಗೌರವ.

ಹಂತ 6: ಬಿಟ್ಟು ಹೋಗುವವರು ಒಪ್ಪಿಸಿ ಹೋಗಲಿ

ಇಶ್ಯೂ ಹಿಡಿದವರು ಎರಡು ವಾರ ಸುದ್ದಿ ಕೊಡದಿದ್ದರೆ ಕೇಳಿ. ಇನ್ನೊಂದು ವಾರ ಉತ್ತರ ಬರದಿದ್ದರೆ ಹೆಸರು ತೆಗೆದು ಕೆಲಸವನ್ನು ಬೇರೆಯವರಿಗೆ ಬಿಡಿ. ಇದರಲ್ಲಿ ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ. ಕೆಲಸ ಸಿಕ್ಕವರು, ಪರೀಕ್ಷೆ ಬಂದವರು, ಕೊಯ್ಲಿಗೆ ಮನೆಗೆ ಹೋದವರು ಎಲ್ಲರೂ ಇರುತ್ತಾರೆ. ಬಿಡುವವರು ಮೂರು ಸಾಲು ಬರೆಯಲಿ: ಎಲ್ಲಿಯವರೆಗೆ ಬಂದೆ, ಯಾವ ದಾರಿ ಹಿಡಿದು ನೋಡಿ ಬಿಟ್ಟೆ, ಮುಂದೆ ಮೊದಲು ಏನು ಮಾಡಬೇಕು. ಎರಡನೆಯ ಸಾಲನ್ನು ಬಹಳ ಮಂದಿ ಬರೆಯುವುದೇ ಇಲ್ಲ. ಮುಂದೆ ಬರುವವರ ದಿನಗಳನ್ನು ಉಳಿಸುವುದು ಅದೇ ಸಾಲು.

ಇದೇ ಮೂರು ಸಾಲನ್ನು ಕೊನೆಯ ಕಮಿಟ್ ಸಂದೇಶದಲ್ಲೂ (ಬದಲಾವಣೆಯನ್ನು ಗಿಟ್‌ಗೆ ಸೇರಿಸುವಾಗ ಬರೆಯುವ ಟಿಪ್ಪಣಿ), ‘ಬಾಕಿ:’ ಎಂಬ ಪದದಿಂದ ಶುರು ಮಾಡಿ, ಹಾಕಿಸಿ. ಮಲೆನಾಡಿನ ಮಳೆಗಾಲದಲ್ಲಿ ನೆಟ್ ಹೋದರೆ ಇಶ್ಯೂ ಪುಟ ತೆರೆಯುವುದಿಲ್ಲ. ಗಿಟ್‌ನ ಇಡೀ ಇತಿಹಾಸ ಮಾತ್ರ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಗಿಟ್ ಲಾಗ್‌ಗೆ ಗ್ರೆಪ್ ಆಯ್ಕೆ ಕೊಟ್ಟು ‘ಬಾಕಿ:’ ಎಂದು ಹುಡುಕಿದರೆ, ನೀವು ಇಳಿಸಿಕೊಂಡ ಬ್ರಾಂಚ್‌ನಲ್ಲಿ ಯಾರು ಏನು ಬಿಟ್ಟು ಹೋಗಿದ್ದಾರೆ ಎಂಬುದು ತಾರೀಖಿನ ಸಮೇತ ಸಿಗುತ್ತದೆ. ಎಲ್ಲ ಬ್ರಾಂಚ್‌ಗಳಲ್ಲೂ ಹುಡುಕಬೇಕಿದ್ದರೆ ಆಲ್ ಎಂಬ ಆಯ್ಕೆಯನ್ನೂ ಸೇರಿಸಿ, ಮತ್ತು ನೆಟ್ ಇರುವಾಗಲೇ ಒಮ್ಮೆ ಫೆಚ್ ಮಾಡಿ, ಅಂದರೆ ಅವನ್ನೆಲ್ಲ ಇಳಿಸಿ ಇಟ್ಟುಕೊಳ್ಳಿ.