ತೋಡಿಗೆ ಸಮಾಂತರ, ಕಣಿಗೆ ಲಂಬ

ಹಳದಿ ಎಲೆ ರೋಗ ತಗಲಿದ ಅಜ್ಜನ ಕಾಲದ ಅಡಿಕೆ ಮರಗಳನ್ನು ಕಡಿಸಿ ಆಗಿತ್ತು. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗಿರುವ ನಮ್ಮ ಆ ತುಂಡು ಜಾಗದಲ್ಲಿ ಹೊಸ ಸಸಿ ನೆಡಬೇಕು, ಅದೂ ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಹಬ್ಬ) ಕಳೆದು ಮಳೆ ಹಿಡಿಯುವುದರೊಳಗೆ ಗುಂಡಿ ಮುಗಿಯಬೇಕು. ಅಜ್ಜ ಕಣ್ಣಂದಾಜಿನಲ್ಲಿ ನೆಟ್ಟವರು. ನಾನು ವರ್ಷಗಟ್ಟಲೆ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿದವನು. ಲೆಕ್ಕ ಹಾಕಿಯೇ ನೆಡುತ್ತೇನೆಂದು ಹೊರಟೆ.

ಜಾಗದ ಒಂದು ಬದಿಗೆ ಮಾರ್ಗದ ಮುರಕಲ್ಲಿನ ಗೋಡೆ, 180 ಅಡಿ ನೇರ. ಎದುರು ಬದಿಗೆ ಕಲ್ಲು ಕಟ್ಟಿದ ತೋಡು, ಅಂದರೆ ಸಣ್ಣ ಹಳ್ಳ. ಅದು ಗೋಡೆಗೆ ಸಮ ಹೋಗುವುದಿಲ್ಲ. ಒಂದು ತುದಿಯಲ್ಲಿ ಗೋಡೆಯಿಂದ 50 ಅಡಿ, ಇನ್ನೊಂದು ತುದಿಯಲ್ಲಿ 110 ಅಡಿ ದೂರ. ಅಂದರೆ ಗೋಡೆಯ ಉದ್ದಕ್ಕೆ 30 ಅಡಿ ಹೋದರೆ ತೋಡು ಗೋಡೆಯಿಂದ ಇನ್ನೂ 10 ಅಡಿ ಒಳಗೆ ಸರಿಯುತ್ತದೆ. ಗೋಡೆಯನ್ನು x ಅಕ್ಷ ಎಂದಿಟ್ಟರೆ ತೋಡಿನ ಇಳಿಜಾರು 1/3. (ಈ 'ಇಳಿಜಾರು' ಪದವೇ ಒಂದು ತೊಂದರೆ. ಗುಂಡಿ ತೆಗೆಯುವವರ ಹತ್ತಿರ ಹೇಳಿದರೆ ನೀರು ಹರಿಯುವ ವಾಟ ಎಂದುಕೊಳ್ಳುತ್ತಾರೆ. ಇಲ್ಲಿ ನೆಲ ಮಟ್ಟಸವಾಗಿಯೇ ಇದೆ, ಓರೆಯಾದದ್ದು ನಕ್ಷೆಯಲ್ಲಿ.) ಸಾಲುಗಳು ತೋಡಿಗೆ ಸಮಾಂತರ, ಕಣಿಗಳು (ನೀರು ಹೋಗುವ ಚರಂಡಿಗಳು) ತೋಡಿಗೆ ಲಂಬ, ಇಷ್ಟು ನನಗೆ ಬೇಕಾದ್ದು.

ಗ್ರಾಫ್ ಹಾಳೆಯಲ್ಲಿ ಜಾಗ ಬರೆದೆ. ಹಾಳೆ ಪೂರ್ತಿ ತುಂಬಬೇಕು ಎನ್ನುವುದು ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿ ಹೇಳಿ ನನಗೇ ಅಂಟಿದ ಚಾಳಿ. ಅಡ್ಡಕ್ಕೆ 1 ಸೆಂ.ಮೀ.ಗೆ 10 ಅಡಿ, ಮೇಲಕ್ಕೆ 1 ಸೆಂ.ಮೀ.ಗೆ 5 ಅಡಿ ಎಂದು ಅಳತೆ ಇಟ್ಟೆ. ಚಂದ ಕೂತಿತು. ತೋಡಿಗೆ ಸಮಾಂತರ ಗೆರೆಗಳನ್ನು ಎಳೆದೆ, ಸೆಟ್‌ಸ್ಕ್ವೇರ್ ಇಟ್ಟು ಕಣಿಗಳ ಗೆರೆಗಳನ್ನೂ ಎಳೆದೆ. ಲಂಬ ಗೆರೆಗಳ ಇಳಿಜಾರುಗಳನ್ನು ಗುಣಿಸಿದರೆ -1 ಬರಬೇಕು. ಹಾಗೆ ಗುಣಿಸಿ ನೋಡುವ ಗೋಜಿಗೆ ಹೋಗಲಿಲ್ಲ, ಸೆಟ್‌ಸ್ಕ್ವೇರ್ ಸುಳ್ಳು ಹೇಳುತ್ತದೆಯೇ?

ನಾಲ್ಕನೆಯ ಗುಂಡಿಗೆ ಗುದ್ದಲಿ ಹಾಕುವ ಮೊದಲು ಕೆಲಸದವರು ನಿಂತು ನೋಡಿದರು. "ಉಂದು ಚೌಕ ಅತ್ತ್, ಮಾಷ್ಟ್ರೇ." ಚೌಕ ಅಲ್ಲವಂತೆ. ಕರ್ಣ ಅಳೆದೆವು. ಗುಂಡಿಯಿಂದ ಗುಂಡಿಗೆ 9 ಅಡಿ, ಚೌಕವಾದರೆ ಎರಡೂ ಕರ್ಣ 12 ಅಡಿ 9 ಇಂಚಿನ ಹತ್ತಿರ ಬರಬೇಕು. ಒಂದು 16 ಅಡಿ ಬಂತು, ಇನ್ನೊಂದು ಎಂಟೂವರೆಗೂ ಕಡಿಮೆ.

ಮನೆಗೆ ಬಂದು ಹಾಳೆ ಬಿಡಿಸಿ ಕೂತಾಗ ಗೊತ್ತಾಯಿತು. 30 ಅಡಿ ಹಾಳೆಯಲ್ಲಿ 3 ಸೆಂ.ಮೀ., ಆದರೆ 10 ಅಡಿ 2 ಸೆಂ.ಮೀ. ಹಾಗಾಗಿ ಹಾಳೆಯ ಮೇಲೆ ತೋಡು 2/3 ಇಳಿಜಾರಿನಲ್ಲಿ ಕಾಣುತ್ತಿತ್ತು. ಸೆಟ್‌ಸ್ಕ್ವೇರ್ ಅದಕ್ಕೆ ಲಂಬವಾಗಿ -3/2 ಕೊಟ್ಟಿತು. ಅದನ್ನು ನೆಲಕ್ಕೆ ಇಳಿಸಿದರೆ 20 ಅಡಿ ಹಿಂದೆ, 15 ಅಡಿ ಒಳಗೆ, ಅಂದರೆ -3/4. 1/3 ಮತ್ತು -3/4 ಗುಣಿಸಿದರೆ -1/4. -1 ಬರಬೇಕಾದಲ್ಲಿ! ಮೂಲೆ 90 ಡಿಗ್ರಿ ಬಿಟ್ಟು ಸುಮಾರು 55ಕ್ಕೆ ಕುಗ್ಗಿತ್ತು.

ತಮಾಷೆಯೆಂದರೆ ಸಮಾಂತರ ಗೆರೆಗಳಿಗೆ ಏನೂ ಆಗಿರಲಿಲ್ಲ. ಹಾಳೆಯನ್ನು ಒಂದು ಕಡೆಗೆ ಎಷ್ಟು ಹಿಗ್ಗಿಸಿದರೂ ಸಮ ಇಳಿಜಾರುಗಳೆಲ್ಲ ಒಂದೇ ಥರ ಬದಲಾಗುತ್ತವೆ, ಸಮಾಂತರವಾಗಿಯೇ ಉಳಿಯುತ್ತವೆ. ಲಂಬ ಹಾಗಲ್ಲ, ಅದಕ್ಕೆ ಎರಡೂ ಅಕ್ಷಕ್ಕೆ ಒಂದೇ ಅಳತೆ ಬೇಕು. ಇಷ್ಟು ವರ್ಷ ಪಾಠ ಮಾಡುವಾಗ ಇದನ್ನು ಒಮ್ಮೆಯೂ ಮಕ್ಕಳಿಗೆ ಒತ್ತಿ ಹೇಳಿದ ನೆನಪಿಲ್ಲ.

ಮರುದಿನ ಹಾಳೆ ಮನೆಯಲ್ಲೇ ಬಿಟ್ಟು ಹಗ್ಗ ತೆಗೆದುಕೊಂಡು ಹೋದೆ. ತೋಡಿನ 1/3 ಎಂದರೆ ಅಡ್ಡಕ್ಕೆ 3, ಒಳಮುಖವಾಗಿ 1. ಬಡಗಿಯ ಮೂಲೆಮಟ್ಟವನ್ನು ಹಾಗೆ ಇಟ್ಟು ಕಾಲು ಸುತ್ತು ತಿರುಗಿಸಿದರೆ ಅಡ್ಡಕ್ಕಿದ್ದ 3 ಒಳಮುಖವಾಗಿ ನಿಲ್ಲುತ್ತದೆ, ಒಳಮುಖವಾಗಿದ್ದ 1 ಅಡ್ಡಕ್ಕೆ ಬರುತ್ತದೆ, ಅದೂ ಹಿಂದಕ್ಕೆ. ಮಕ್ಕಳು ಬಾಯಿಪಾಠ ಮಾಡುವ 'ತಲೆಕೆಳಗು ಮಾಡಿ ಚಿಹ್ನೆ ಬದಲಿಸು' ಬಂದದ್ದು ಇಲ್ಲಿಂದಲೇ. ಹಾಗೆ 1/3ಕ್ಕೆ -3: ಗೋಡೆಯ ಗುಂಟ 10 ಅಡಿ ಹಿಂದೆ, 30 ಅಡಿ ಒಳಗೆ, ಗೂಟ. ಗೋಡೆಗೂ ಅದರಿಂದ ನೆಟ್ಟಗೆ ಒಳಗೆ ಹೋಗುವ ಬೇಲಿಗೂ ಮಾತ್ರ ಈ ಗುಣಾಕಾರ ನಡೆಯುವುದಿಲ್ಲ. ಅವು ಲಂಬವೇ, ಆದರೆ ಒಂದರ ಇಳಿಜಾರು 0, ಇನ್ನೊಂದಕ್ಕೆ ಇಳಿಜಾರೇ ಇಲ್ಲ.

ಅಂತರದಲ್ಲೂ ಒಂದು ಗುಟ್ಟು ಇತ್ತು. ಸಿಪಿಸಿಆರ್‌ಐ (ಕೇಂದ್ರ ತೋಟಬೆಳೆ ಸಂಶೋಧನಾ ಸಂಸ್ಥೆ) ಹೇಳುವ 2.7 ಮೀಟರ್, ನಮ್ಮ ಲೆಕ್ಕದಲ್ಲಿ 9 ಅಡಿ, ಸಾಲಿನಿಂದ ಸಾಲಿಗೆ ಲಂಬವಾಗಿ ಅಳೆಯಬೇಕಾದದ್ದು. ಓರೆ ಹೋಗುವ ಸಾಲುಗಳನ್ನು ಗೋಡೆ ಮತ್ತು ಬೇಲಿಯ ಮೇಲೆ ಗುರುತು ಮಾಡುವಾಗ 9 ಅಡಿಗೇ ಗುರುತಿಟ್ಟರೆ ನಡುವೆ ಎಂಟೂವರೆ ಅಡಿಯೇ ಸಿಗುತ್ತದೆ. 9ನ್ನು 10ರ ವರ್ಗಮೂಲದಿಂದ ಗುಣಿಸಿ 3ರಿಂದ ಭಾಗಿಸಿದೆ: 9.49. ಬೇಲಿಯ ಮೇಲೆ ಸಾಲುಗಳಿಗೆ, ಗೋಡೆಯ ಮೇಲೆ ಕಣಿಗಳಿಗೆ, ಎರಡೂ ಕಡೆ 9 ಅಡಿ 6 ಇಂಚಿಗೆ ಸುಣ್ಣ ಬಳಿದೆವು.

ಮೊದಲ ಚೌಕದ ಕರ್ಣ ಈ ಸಲ 12 ಅಡಿ 9 ಇಂಚು ಮತ್ತು 12 ಅಡಿ 8 ಇಂಚು. ಒಂದು ಇಂಚು ಹಗ್ಗದ ಜಗ್ಗಿಗೆ ಹೋಯಿತು. ಮೊದಲು ತೆಗೆದ ಮೂರು ಗುಂಡಿಗಳಲ್ಲಿ ಎರಡು ಯಾವ ಸಾಲಿಗೂ ಸೇರಲಿಲ್ಲ, ಅಲ್ಲಿ ಈಗ ಕದಳಿ ಬಾಳೆ ಇದೆ.